ದೊಡ್ಡಮ್ಮ ನೀರಿಗಿಳಿದ ದಿನ

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ, ಗುಂಡಿ ಹೊಲಿದು ನಿವೃತ್ತಳಾದ ದೊಡ್ಡಮ್ಮನಿಗೆ ಮನೆಯವರು ವಹಿಸಿದ ಇನ್ನೊಂದು ಉದ್ಯೋಗವಿತ್ತು. ಅದಕ್ಕೆ ಸಂಬಳವೂ ಇಲ್ಲ, ನಿವೃತ್ತಿಯೂ ಇಲ್ಲ. ಸಾಮಾನು ಕಾಯುವುದು. ರೈಲು ನಿಲ್ದಾಣದಲ್ಲಿ ಪೆಟ್ಟಿಗೆಗಳ ಪಕ್ಕ, ಆಸ್ಪತ್ರೆಯಲ್ಲಿ ಚೀಲಗಳ ಪಕ್ಕ, ಮದುವೆಯಲ್ಲಿ ಒಡವೆಯಿಟ್ಟ ಕೋಣೆಯ ಬಾಗಿಲಲ್ಲಿ. ಒಡಹುಟ್ಟಿದ ತಂಗಿಯ ಮದುವೆಯನ್ನೇ ಅವಳು ನೋಡಿದ್ದು ಫೋಟೊದಲ್ಲಿ. ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾಳೆ ಎಂದು ಎಲ್ಲರೂ ಹೊಗಳುವವರೇ. ಹೊಗಳಿ, ತಮ್ಮ ಪಾಡಿಗೆ ಹೊರಟುಬಿಡುವವರೇ.

ತಂಗಿಯ ಮಗಳು ಹಟ ಹಿಡಿದು ಅಪ್ಪ ಅಮ್ಮನ ಜೊತೆ ಅವಳನ್ನೂ ವಿದೇಶದ ಒಂದು ಕಡಲೂರಿಗೆ ಕರೆದೊಯ್ದಳು. ದೊಡ್ಡಮ್ಮ ಅದುವರೆಗೆ ಕಡಲು ಕಂಡವಳಲ್ಲ. ಒಮ್ಮೆಯಾದರೂ ಸೊಂಟದ ತನಕ ನೀರಿಗಿಳಿದು ನಿಲ್ಲಬೇಕೆಂಬುದು ಅವಳ ಬಹುಕಾಲದ ಆಸೆ. ಆದರೆ ಹೋಟೆಲಿನವನು ಬೀಗದ ಕೈ ಕೊಡುವಾಗಲೇ ಎಚ್ಚರಿಸಿದ: ಮರಳ ಮೇಲಿಟ್ಟ ಚೀಲ ರೆಪ್ಪೆ ಬಡಿಯುವಷ್ಟರಲ್ಲಿ ಮಾಯ, ಬೀದಿಯಲ್ಲಿ ಫೋನು ಹಿಡಿದು ನಿಂತರೆ ಬೈಕಿನವರು ಕಿತ್ತುಕೊಂಡು ಹೋಗುತ್ತಾರೆ. ಸರಿ, ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ ಬಿತ್ತು. ದಿನವೂ ಪಾಸ್‌ಪೋರ್ಟು, ಫೋನು, ಕ್ಯಾಮೆರಾಗಳ ಚೀಲವನ್ನು ಮಡಿಲಲ್ಲಿಟ್ಟು, ಅದರ ಪಟ್ಟಿಯನ್ನು ಕಾಲಿಗೆ ಸುತ್ತಿಕೊಂಡು ಬಿಸಿಲಲ್ಲಿ ಕೂತಳು. ಉಳಿದವರು ಒದ್ದೆಯಾಗಿ, ನಗುತ್ತ ಬಂದು ಒಣಬಟ್ಟೆ ಕೇಳಿದರು. ದೊಡ್ಡಮ್ಮನಿಗೆ ಅಳು ಬಂತು. ಬಿಸಿಲಿಗೆ ಕಣ್ಣುರಿ ಎಂದು ಮರೆಮಾಚಿದಳು.

ಕೊನೆಯ ದಿನ ಬೆಳಿಗ್ಗೆ ಅವಳೇ ತಂಗಿಯ ಮಗಳನ್ನು ಮುಂದೆ ಮಾಡಿಕೊಂಡು ಹೋಟೆಲಿನವನ ಬಳಿ ಹೋದಳು. ಕೋಣೆಯ ಬೀರುವಿನೊಳಗಿನ ಕಬ್ಬಿಣದ ಪೆಟ್ಟಿಗೆ ನಂಬಿಕೆಯದ್ದೇ ಎಂದು ಅವಳ ಕೈಲಿ ಕೇಳಿಸಿದಳು. ಅದಿರುವುದೇ ಅದಕ್ಕೆ, ಇಷ್ಟು ದಿನ ಯಾಕೆ ಬಳಸಲಿಲ್ಲ ಎಂದು ಅವನು ಬೆರಗಾದ. ಮೇಲೆ ಬಂದವಳೇ ಪಾಸ್‌ಪೋರ್ಟು, ಕ್ಯಾಮೆರಾ, ತಂಗಿಯ ಕೊರಳ ಸರ, ಎಲ್ಲವನ್ನೂ ಪೆಟ್ಟಿಗೆಗೆ ತುಂಬಿದಳು. ತಂಗಿಯ ಗಂಡ ಮಾತ್ರ ಫೋನು ಬಿಡಲೊಲ್ಲ. ಅತ್ತಿಗೆ ಹೇಗೂ ದಡದಲ್ಲಿ ಇರ್ತಾರಲ್ಲ ಎಂದ.

"ಯಾರು ತರ್ತಾರೋ ಅವರೇ ಕಾಯ್ಲಿ. ನಾನಿವತ್ತು ನೀರಿಗಿಳೀತೀನಿ," ಎಂದಳು ದೊಡ್ಡಮ್ಮ.

ದನಿ ಏರಿಸಿರಲಿಲ್ಲ. ಆದರೂ ಅವನು ತೆಪ್ಪಗೆ ಫೋನು ಒಳಗಿಟ್ಟ.

ದಾರಿಯುದ್ದಕ್ಕೂ ಅವಳ ಕೈ ಇಲ್ಲದ ಚೀಲವನ್ನು ತಡಕುತ್ತಿತ್ತು. ಹಳೆಯ ಚಪ್ಪಲಿಗಳನ್ನು ಮರಳಲ್ಲಿ ಬಿಟ್ಟು ಎಲ್ಲರೂ ಹೊರಟರೆ, ತಂಗಿ ಮಾತ್ರ ಅಕ್ಕ ದಿನವೂ ಕೂರುತ್ತಿದ್ದ ಜಾಗದಲ್ಲಿ ಕುಕ್ಕರಿಸಿದಳು. ಮರಳು ಆಗಲೇ ಸುಡುತ್ತಿತ್ತು. ಅವಳಿಗೆ ನಾಚಿಕೆಯಾಯಿತು.

"ನೀನು ಹೋಗಿ ಬಾ ಅಕ್ಕ. ಚಪ್ಪಲಿ ನಾನು ನೋಡ್ಕೋತೀನಿ," ಎಂದಳು ತಲೆಯೆತ್ತದೆ.

ದೊಡ್ಡಮ್ಮ ಅವಳ ತೋಳು ಹಿಡಿದೆಬ್ಬಿಸಿದಳು. "ಅವು ಕಳೆದುಹೋದ್ರೆ ಬರಿಗಾಲಲ್ಲಿ ನಡೆಯೋಣ. ಏಳೇ."

ಮೊದಲ ಅಲೆ ಬಂದು ಸೊಂಟಕ್ಕೆ ಬಡಿದಾಗ ಅಕ್ಕತಂಗಿಯರಿಬ್ಬರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ದೊಡ್ಡಮ್ಮ ದಡದ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.