ಯಂಕವ್ವ ಎಣ್ಣೆ ಹಾಕಿಸಿದ ಎಂಜಿನ್

ಕಮರಿಪೇಟೆಯ ಯಂಕವ್ವ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಗಾಲಿಗಳ ನಡುವೆ ದುಡಿದವಳು. ಗಂಡ ತೀರಿಕೊಂಡ ಮೇಲೆ ಅವನ ನೌಕರಿ ಇವಳಿಗೆ ಬಂದಿತ್ತು. ಮೊದಲು ಕಸ ಗುಡಿಸಿದಳು, ಆಮೇಲೆ ಗ್ರೀಸ್ ಹಚ್ಚಿದಳು. ಕೊನೆಗೆ ಸುತ್ತಿಗೆಯಿಂದ ಗಾಲಿ ಬಡಿದು, ಸದ್ದಿನ ಮೇಲೆಯೇ ಬಿರುಕು ಹೇಳುವಷ್ಟು ಪಳಗಿದಳು.

ಅವಳು ನಿವೃತ್ತಳಾದ ವರ್ಷ ಕನ್ನಡ ಶಾಲೆಯ ಭಾಗ್ಯಶ್ರೀ ಟೀಚರ್ ಮನೆಗೆ ಬಂದರು. ಮುಚ್ಚಿಹೋದ ಹತ್ತಿ ಗಿರಣಿಯ ಅಂಗಳದಲ್ಲಿ, ತುಸು ಇಳಿಜಾರಾದ ಹಳಿಯ ಮೇಲೆ, ಹಳೆಯ ಉಗಿ ಎಂಜಿನ್ ಒಂದು ನಿಂತಿತ್ತು.

“ಹುಡುಗ್ರು ಅದನ್ನ ಮೊಬೈಲ್‌ನ್ಯಾಗ ಫೋಟೋ ಹೊಡದು ಬಿಡ್ತಾರ್ರಿ. ಕೈಲೆ ಮುಟ್ಟಿ ಉಳಿಸೂದು ನೀವು ಕಲಸ್ರಿ,” ಎಂದರು ಟೀಚರ್.

ಭಾನುವಾರಕ್ಕೊಮ್ಮೆ ಹದಿನಾಲ್ಕು ಮಕ್ಕಳು ಬರತೊಡಗಿದರು. ತುಕ್ಕು ಕೆರೆದರು, ಅಚ್ಚಿಗೆ ಎಣ್ಣೆ ಬಿಟ್ಟರು. ಎಲ್ಲರಿಗಿಂತ ಮುಂದೆ ಆರನೇ ಇಯತ್ತೆಯ ಸೌಮ್ಯಾ. ಮೂರು ತಿಂಗಳಿಗೆ ಗಾಲಿಗಳು ಕರ್ರಗೆ ಹೊಳೆದವು.

ಜುಲೈ ತಿಂಗಳಲ್ಲಿ ಯಂಕವ್ವನ ಕಣ್ಣಿಗೆ ಒಂದು ಸಂಗತಿ ಬಿತ್ತು. ಗಾಲಿಯ ಹಿಂದೆ ಹಳಿಯ ಮೇಲೆ ಎರಡು ಬೆರಳಗಲ ತುಕ್ಕಿಲ್ಲದ ಜಾಗ. ನಲವತ್ತು ವರ್ಷ ಗಾಲಿ ಕೂತಿದ್ದ ಜಾಗ ಅದು; ಗಾಲಿ ಈಗ ಮುಂದೆ ಸರಿದಿತ್ತು. ಅವಳು ಗಾಲಿಯ ಮುಂದೆ ಸುಣ್ಣದ ಗೆರೆ ಎಳೆದು ಹೋದಳು. ಮರುವಾರ ಗಾಲಿ ಗೆರೆಯನ್ನು ದಾಟಿತ್ತು. ಗಾಲಿಗೆ ಒಡ್ಡಿದ್ದ ಮರದ ತುಂಡನ್ನು ಕಾಲಿನಿಂದ ಒತ್ತಿದಳು. ಗೆದ್ದಲು ತಿಂದ ಮರ ಹಿಟ್ಟಿನಂತೆ ಉದುರಿತು.

ಮುಚ್ಚಿದ ಗಿರಣಿಯ ಆಸ್ತಿ ನೋಡಿಕೊಳ್ಳುತ್ತಿದ್ದ ಮ್ಯಾನೇಜರ್ ರಮಾಕಾಂತ ಅವಳ ಮಾತು ಕೇಳಿ ನಕ್ಕರು. “ನಲವತ್ತು ವರ್ಷ ನಿಂತದ್ದು ಈಗೆಲ್ಲಿ ಹೋಗ್ತದ, ಯಂಕವ್ವ? ನಿಮ್ಮ ಕಣ್ಣು ತೋರಿಸ್ಕೋರಿ.”

ಅವಳೇ ನಾಲ್ಕು ಕಲ್ಲು ಹೊತ್ತು ತಂದು ಗಾಲಿಗೆ ಒಡ್ಡಿದಳು. ಇಳಿಜಾರಿನ ತುದಿಯ ಗೋಡೆಯ ಬಳಿ ಯಾರೂ ಹೋಗಬಾರದೆಂದು ಮಕ್ಕಳಿಗೆ ತಾಕೀತು ಮಾಡಿದಳು. ಆದರೆ ಮುಂದಿನ ಭಾನುವಾರ ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಮಕ್ಕಳೆಲ್ಲ ಮರೆತು ಅದೇ ಗೋಡೆಯ ತಗಡಿನ ಕೆಳಗೆ ಓಡಿದರು. ಅವರನ್ನು ಕರೆಯಲು ಯಂಕವ್ವ ಬಾಯಿ ತೆರೆಯುವಷ್ಟರಲ್ಲಿ ಕಲ್ಲು ಪುಡಿಯಾಗುವ ಸದ್ದು ಕೇಳಿತು.

“ಬ್ಯಾಗ್ ಬಿಟ್ಟು ಓಡ್ರಿ! ಈ ಕಡೆ ಬರ್ರಿ!”

ಎಂಜಿನ್ ಮನುಷ್ಯ ನಡೆಯುವಷ್ಟೇ ನಿಧಾನವಾಗಿ ಇಳಿದು ಬರುತ್ತಿತ್ತು. ಎಣ್ಣೆ ಕುಡಿದ ಗಾಲಿಗೆ ಸದ್ದೇ ಇರಲಿಲ್ಲ. ಮಕ್ಕಳು ಚದುರಿದರು, ಸೌಮ್ಯಾ ಮಾತ್ರ ಬ್ಯಾಗಿನಲ್ಲಿದ್ದ, ತಾನು ಬರೆದ ಎಂಜಿನ್ನಿನ ಚಿತ್ರದ ಹಾಳೆಗೆಂದು ತಿರುಗಿದಳು. ಯಂಕವ್ವ ಅವಳ ಜಡೆ ಹಿಡಿದು ಎಳೆದಳು. ಮರುಗಳಿಗೆ ಎಂಜಿನ್ ಗುದ್ದಿ ಗೋಡೆ ಕುಸಿದು ಬ್ಯಾಗುಗಳೆಲ್ಲ ಇಟ್ಟಿಗೆಯಡಿ ಹೋದವು.

ಯಾರಿಗೂ ಗಾಯವಾಗಲಿಲ್ಲ. ಮರುದಿನವೇ ರಮಾಕಾಂತ ಎಂಜಿನ್ನನ್ನು ಗುಜರಿಗೆ ಕೊಡುವ ಮಾತೆತ್ತಿದರು. ಶಾಲೆಯಲ್ಲಿ ಸೇರಿದ ಪಾಲಕರ ಎದುರು ಯಂಕವ್ವ ಎದ್ದು ನಿಂತಳು. “ತುಕ್ಕಽ ಅದನ್ನ ಹಿಡಕೊಂಡಿತ್ರಿ. ಬಿಡಿಸಿದಾಕಿ ನಾನು. ಮೊದಲ ಕಟ್ಟಿ ಹಾಕಬೇಕಿತ್ತು, ಹಾಕಲಿಲ್ಲ. ತಪ್ಪು ನಂದು. ಎಂಜಿನ್‌ದಲ್ಲ.”

ಭಾಗ್ಯಶ್ರೀ ಟೀಚರ್ ತಿಂಗಳುಗಟ್ಟಲೆ ಕಚೇರಿಗಳಿಗೆ ಓಡಾಡಿದರು. ಕಬ್ಬಿಣದ ತಡೆ ಬಂತು, ಸರಪಳಿ ಬಂತು. ಎಂಜಿನ್ ಉಳಿಯಿತು, ಆದರೆ ಹದಿನಾಲ್ಕರಲ್ಲಿ ಐದೇ ಮಕ್ಕಳು ಮರಳಿದರು.

“ಇದು ಸತ್ತಿಲ್ಲೇನ್ರಿ ಅಜ್ಜಿ?” ಎಂದಳು ಸೌಮ್ಯಾ, ದೂರದಲ್ಲೇ ನಿಂತು.

“ಸತ್ತೈತಿ ಅಂತ ನಾನೂ ತಿಳಕೊಂಡಿದ್ನೆವ್ವ,” ಎಂದಳು ಯಂಕವ್ವ. ಮಾತಾಡುವಾಗಲೂ ಅವಳ ಕಣ್ಣು ಗಾಲಿಯ ಮೇಲೇ ಇತ್ತು.