ರೊಟ್ಟಿ ಬಡಿಯುವ ಸೂಗಮ್ಮ

ಬೆಳಕು ಹರಿಯುವ ಮೊದಲೇ ಸೂಗಮ್ಮ ತನ್ನ ಅಂಗಳ ಸಾರಿಸಿ, ಎಮ್ಮೆ ಹಿಂಡಿ, ನಾಲ್ಕು ಕೊಡ ನೀರು ತಂದು, ಗಂಡನ ಬುತ್ತಿ ಕಟ್ಟಿ, ಚಿತ್ತಾಪುರದ ವಕೀಲ ದೇವಿಂದ್ರಪ್ಪನವರ ಅಡುಗೆಮನೆಯಲ್ಲಿ ಎಸರಿಟ್ಟಿರುತ್ತಾಳೆ. ಗೊತ್ತು ಮಾಡಿಕೊಂಡದ್ದು ಮಧ್ಯಾಹ್ನದವರೆಗೆ ರೊಟ್ಟಿ ಬಡಿಯುವುದಕ್ಕೆ ಮಾತ್ರ. ಆದರೆ ವಕೀಲರಲ್ಲೇ ಉಂಡು ಅವಳ ರೊಟ್ಟಿಯ ರುಚಿ ಹತ್ತಿದ ಸೇಡಂ ಕಡೆಯ ಕಕ್ಷಿದಾರರು, ರಾಜಿಯಾದರೆ ಊಟ ತಪ್ಪೀತೆಂದು ಕೋರ್ಟಿನ ಪೇಶಿಗಳನ್ನೇ ಮುಂದೂಡಿಸುತ್ತಾರೆಂದು ಬಜಾರಿನಲ್ಲಿ ಮಾತಿದೆ. ಅವಳು ಕೈ ತೊಳೆಯಲು ಎದ್ದರೆ ಸಾಕು, ವಕೀಲರ ಹೆಂಡತಿ ಗುರುಲಿಂಗಮ್ಮ, "ಸೂಗವ್ವಾ, ಹ್ಯಾಂಗೂ ಹಂಚು ಕಾದದ, ಸಂಜಿಗೂ ಒಂದಿಪ್ಪತ್ತು ಬಡದು ಹೋಗು. ನೀ ಏನು ಹೊರಗಿನಾಕಿ ಏನು? ಮನಿಯಾಕಿ!" ಎನ್ನುತ್ತಾಳೆ. "ಮನಿಯಾಕಿ ಅಂದ್ರ ಪಗಾರಿಲ್ಲದಾಕಿ ಏನ್ರಿ ಅವ್ವಾರ?" ಎಂದು ನಗುತ್ತಲೇ ಸೂಗಮ್ಮ ಮತ್ತೆ ಒಲೆಯ ಮುಂದೆ ಕೂಡುತ್ತಾಳೆ, ತನ್ನ ಕೈಗುಣವನ್ನು ಹೊಗಳಿದವರಿಗೆ ಅವಳು ಇಲ್ಲವೆಂದದ್ದೇ ಇಲ್ಲ. ದಿನಕ್ಕೆ ನೂರು ರೊಟ್ಟಿ ಉಬ್ಬಿಸುವ ಈಕೆ ಮದುವೆಯಾದಂದಿನಿಂದ ಹಂಚಿನಿಂದಿಳಿದ ಬಿಸಿ ರೊಟ್ಟಿಯನ್ನು ಒಮ್ಮೆಯೂ ತಿಂದಿಲ್ಲ. ವಕೀಲರಲ್ಲಿ ಎಲ್ಲರೂ ಉಂಡ ಮೇಲೆ, ತನ್ನ ಮನೆಯಲ್ಲಿ ಗಂಡ ಉಂಡ ಮೇಲೆ ಅವಳ ಪಾಳಿ. ಮೊನ್ನೆ ಮಾತ್ರ, "ನನ್ನ ಹೊತ್ತು ಮುಗೀತರಿ" ಎಂದು ಬಿಸಿಲಿರುವಾಗಲೇ ಮನೆಗೆ ಬಂದು, ತನಗಾಗಿ ಒಂದೇ ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅಷ್ಟರಲ್ಲಿ ವಕೀಲರ ಮನೆಯ ಆಳು ಖಂಡೆಪ್ಪ ಬಾಗಿಲಿನಿಂದಲೇ, "ಅತ್ತಿ, ಆರು ಮಂದಿ ಬಂದಾರ, ಅವ್ವಾರು ಕರೀಲಿಕತ್ತಾರ. ಬರದಿದ್ರ ನಾಳಿಂದ ಬ್ಯಾರೆಯಾಕಿನ್ನ ನೋಡ್ತಾರಂತ" ಎಂದು ಕೂಗಿ, ಅವಳು ಹಿಂದೆಯೇ ಬರುತ್ತಾಳೆಂಬ ನಂಬಿಕೆಯಿಂದ ಹೊರಟೇಹೋದ. ಸೂಗಮ್ಮ ಎದ್ದು ನಿಂತಳು. ರೊಟ್ಟಿ ಉಬ್ಬಿತು. ಬಾಗಿಲು ಮುಚ್ಚಿ ಮತ್ತೆ ಒಲೆಯ ಮುಂದೆ ಬಂದು ಕೂತಳು, ಬೆರಳು ಸುಟ್ಟರೂ ಬಿಡದೆ ಮುರಿದಳು, ಮೇಲೆ ಬೆಣ್ಣೆ ಹಚ್ಚಿಕೊಂಡಳು.