ಪಿನ್ನಿಗೆ ಬಿದ್ದ ಮಲ್ಲಿಗೆಯ ಗಂಟು

ತೊಂಬತ್ತರ ದಶಕದ ಕೊನೆಯಲ್ಲಿ ಮಣಿಪಾಲದ ಒಂದು ಸಣ್ಣ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಎರಡು ವರ್ಷ ಕೆಲಸ ಮಾಡಿದೆ. ಸೇರಿದ ವಾರವೇ ಬೆಂಕಿ ಆರಿಸುವ ಏಳು ಸಿಲಿಂಡರುಗಳ ಉಸ್ತುವಾರಿ ನನ್ನ ಪಾಲಿಗೆ ಬಂತು. ಏಳೋ ಎಂಟೋ ಎಂದು ಈಗ ಅನುಮಾನ. ಏಳು ಎಂದೇ ಇಟ್ಟುಕೊಳ್ಳುತ್ತೇನೆ.

ಅವೆಲ್ಲ ಸ್ಟೋರ್ ರೂಮಿನಲ್ಲಿ, ಸ್ಪಿರಿಟ್ ಕ್ಯಾನುಗಳ ಹಿಂದೆ, ಗೋಣಿ ಹೊದ್ದು ನೆಲದ ಮೇಲೆ ನಿಂತಿದ್ದವು. ಬಾಗಿಲಿಗೆ ಬೀಗ, ಬೀಗದ ಕೈ ಸ್ಟೋರ್ ಕೀಪರರ ಸೊಂಟದಲ್ಲಿ. ಅವರು ಶಂಕರಪುರದವರು, ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರರು. ಮನೆಯ ಸುತ್ತ ಮಲ್ಲಿಗೆ ಗಿಡಗಳು. ಬೆಳಿಗ್ಗೆ ಹೆಂಡತಿಯ ಜೊತೆ ಕುಳಿತು ಹೂ ಕಟ್ಟಿಯೇ ಕೆಲಸಕ್ಕೆ ಬರುತ್ತಿದ್ದರು.

"ಬೆಂಕಿ ಬಿದ್ದ ಹೊತ್ತಿಗೆ ನೀವು ಊಟಕ್ಕೆ ಹೋಗಿದ್ದರೆ?" ಎಂದು ಕೇಳಿದೆ.

"ಹೊರಗೆ ಇಟ್ಟರೆ ಮಕ್ಕಳು ಪಿನ್ ಎಳೀತಾರೆ ಮಾಷ್ಟ್ರೇ. ಎಲ್ಲ ಹೊಸತುಂಟು, ಹಾಳಾಗಬಾರದಲ್ವಾ?"

ಸಿಲಿಂಡರಿಗೆ ಪುಡಿ ತುಂಬಿಸುವವರೊಬ್ಬರು ಕಾರ್ಕಳದಿಂದ ಬಂದರು. ಗೋಣಿ ಸರಿಸಿ, ಒಂದನ್ನು ಮಗುಚಿ, ತಳವನ್ನು ಉಗುರಿನಿಂದ ಕೆರೆದರು. ತುಕ್ಕು ಉದುರಿತು.

"ಎಂತ ಮಾರಾಯ್ರೇ! ಸ್ಪಿರಿಟಿಗೆ ಬೆಂಕಿ ಹಿಡಿದರೆ ಅದನ್ನು ಹಾರಿ ಹೋಗಿ ಇದನ್ನು ತರುವವ ಯಾರು? ನೀವಾ, ಹನುಮಂತನಾ?"

ಬಾಗಿಲ ಹತ್ತಿರ, ಹೊರಗೆ ಓಡುವ ದಾರಿಯಲ್ಲೇ ಗೋಡೆಗೆ ತೂಗುಹಾಕಬೇಕು ಎಂದರು. ನೆಲ ಮುಟ್ಟಬಾರದು, ಬಿಸಿಲು ಮಳೆ ತಾಗಬಾರದು. ಎದುರಿಗೆ ಬೆಂಚು ಇಡಬಾರದು. ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ, ಪಿನ್ ಎಳೆದರೆ ಸಲೀಸಾಗಿ ಬರುವಂತಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಆಗಲೇ ಒಮ್ಮೆ ಮಗುಚಿ ಅಲ್ಲಾಡಿಸಬೇಕು, ಇಲ್ಲದಿದ್ದರೆ ಒಳಗಿನ ಪುಡಿ ಗಟ್ಟಿಯಾಗುತ್ತದೆ. ಗಟ್ಟಿಯಾಗುವುದನ್ನು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದೆ. ಅವರು ತಮ್ಮ ಗಾಡಿಯಲ್ಲಿದ್ದ ಹಳೆಯದೊಂದನ್ನು ಬಿಚ್ಚಿ ಬೋರಲು ಹಾಕಿದರು. ಬೆಲ್ಲದ ಉಂಡೆಯಂಥ ಹೆಂಟೆ ಬಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಹೆಂಟೆಯ ಚೂರೊಂದನ್ನು ಕಾಗದದಲ್ಲಿ ಕಟ್ಟಿ ಇಟ್ಟುಕೊಂಡೆ. ಮೊನ್ನೆ ಹುಡುಕಿದರೆ ಸಿಗಲಿಲ್ಲ. ಇಟ್ಟುಕೊಂಡಿದ್ದೆನೇ?

ಏಳನ್ನೂ ತೂಗುಹಾಕಿದೆವು. ಕೆಲವೇ ದಿನಗಳಲ್ಲಿ ಆಯುಧಪೂಜೆ ಬಂತು. ಸ್ಟೋರ್ ಕೀಪರರು ಮನೆಯಿಂದ ಬಾಳೆನಾರಿನಲ್ಲಿ ಕಟ್ಟಿ ಸುತ್ತಿದ ಎರಡು ಚೆಂಡು ಮಲ್ಲಿಗೆ ತಂದಿದ್ದರು. ತಕ್ಕಡಿಗೆ, ಫ್ಯಾನಿಗೆ, ಕೊನೆಗೆ ಸಿಲಿಂಡರುಗಳಿಗೂ ಕುಂಕುಮ, ಹೂ. ನನಗೆ ಇದರಲ್ಲಿ ನಂಬಿಕೆಯಿಲ್ಲ. ಅವರು ಹೂವಿನ ತುಂಡೊಂದನ್ನು ನನ್ನತ್ತ ಚಾಚಿ, "ಇದು ನಿಮ್ಮದೇ ಆಯುಧ ಅಲ್ವಾ ಮಾಷ್ಟ್ರೇ?" ಎಂದರು. ನಾನು ಕೈಕಟ್ಟಿ ಬಾಗಿಲಲ್ಲಿ ನಿಂತು ನಕ್ಕೆ. ನನ್ನ ನೆನಪು ಹೇಳುವುದು ಇಷ್ಟನ್ನೇ.

ಹೂ ಬಾಡಿದರೂ ಯಾರೂ ತೆಗೆಯಲಿಲ್ಲ. ತಿಂಗಳ ತಪಾಸಣೆಯ ಚೀಟಿಯಲ್ಲಿ ನಾನು ಎಲ್ಲದಕ್ಕೂ ಗುರುತು ಹಾಕಿದೆ, ಒಂದನ್ನೂ ಮುಟ್ಟದೆ. ಆಮೇಲೊಂದು ದಿನ ಅಂಗಳದಲ್ಲಿ ತಗಡಿನ ತಟ್ಟೆಯಲ್ಲಿ ಕಾಗದ ಉರಿಸಿ, ಬೆಂಕಿ ಆರಿಸುವುದನ್ನು ಎಲ್ಲರಿಗೂ ತೋರಿಸುವ ಕಾರ್ಯಕ್ರಮವಿಟ್ಟುಕೊಂಡೆವು. ಗದಗದ ಕಡೆಯಿಂದ ಬಂದಿದ್ದ, ಕಸ ಗುಡಿಸುವ ಹೆಂಗಸಿನ ಕೈಗೆ ಪ್ರಿನ್ಸಿಪಾಲರು ಸಿಲಿಂಡರ್ ಕೊಟ್ಟರು. ಅವಳು ಪಿನ್ ಹಿಡಿದು ಎಳೆದಳು, ಮತ್ತೆ ಎಳೆದಳು.

"ಯಪ್ಪಾ, ಬರವಲ್ದ್ರೀ ಸರ!"

ಹೂ ಉದುರಿ ಉಳಿದಿದ್ದ ಬಾಳೆನಾರು ಪಿನ್ನಿನ ಉಂಗುರವನ್ನೂ ಹಿಡಿಯನ್ನೂ ಸೇರಿಸಿ ತಂತಿಯಂತೆ ಬಿಗಿದಿತ್ತು. ಎಲ್ಲರೂ ನಕ್ಕರು. ಪ್ರಿನ್ಸಿಪಾಲರು ನಗಲಿಲ್ಲ. ಸ್ಟೋರ್ ಕೀಪರರನ್ನು ಖಾಯಂ ಮಾಡುವ ಕಾಗದ ಆ ವಾರ ಅವರ ಮೇಜಿನ ಮೇಲಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

"ಕಟ್ಟಿದ್ದು ಯಾರು?"

"ನಾನೇ ಸಾರ್," ಎಂದರು ಸ್ಟೋರ್ ಕೀಪರ್.

"ಹಾಗಾದರೆ ನಿಮ್ಮ ಕಾಗದ ಸದ್ಯಕ್ಕೆ ಅಲ್ಲೇ ಇರಲಿ."

ಆ ನಾರನ್ನು ಕತ್ತರಿಯಿಂದ ತುಂಡರಿಸಿ, ಗೋಡೆಯ ಮೇಲಿದ್ದ ಉಳಿದ ಆರರ ನಾರು ಬಿಚ್ಚಲು ಹೋದೆ. ತುದಿ ಹಿಡಿದು ಎಳೆದೊಡನೆ ಆರೂ ಸರಕ್ಕನೆ ಬಿಚ್ಚಿಕೊಂಡವು. ದಿನವೂ ಹೂ ಕಟ್ಟುವ ಕೈಯ ಗಂಟು ಹಾಗೆಯೇ ಇರುತ್ತದೆ. ಕತ್ತರಿಸಿದ ನಾರನ್ನು ಮತ್ತೆ ಎತ್ತಿ ನೋಡಿದೆ. ಒಂದರ ಮೇಲೊಂದು ಎರಡು ಕಗ್ಗಂಟು. ನಾನು ಪುಸ್ತಕದ ಪಾರ್ಸೆಲ್ಲಿಗೆ ಹಾಕುತ್ತಿದ್ದ ಗಂಟು. ಕೈಕಟ್ಟಿ ನಿಂತವನು ಇದನ್ನು ಹಾಕಿದ್ದು ಹೇಗೆ? ನೆನಪು ಬೇರೆ ಹೇಳುತ್ತಿತ್ತು, ನಾರು ಬೇರೆ. ಅಂದು ಸಂಜೆಯೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಗಂಟು ನನ್ನದು ಎಂದೆ. ಬೈಸಿಕೊಂಡೆ. ಕಾಗದಕ್ಕೆ ಸಹಿಯಾಯಿತು.

ಏಳೆಂಟು ವರ್ಷಗಳ ನಂತರ, ನಿವೃತ್ತರಾಗಿದ್ದ ಸ್ಟೋರ್ ಕೀಪರರು ಕಾಪುವಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದರು. ಮಾತು ಆ ಗಂಟಿಗೇ ಬಂತು.

"ಕಟ್ಟಿದ್ದು ನಾನೆಂದು ನಿಮಗೆ ಆಗಲೇ ಗೊತ್ತಿತ್ತೇ?"

"ಅಂಥ ಗಂಟು ನಮ್ಮ ಮನೆಯ ಹಸುವಿಗೂ ಹಾಕುವುದಿಲ್ಲ ಮಾಷ್ಟ್ರೇ. ಆದರೆ ಹೂ ನನ್ನದಲ್ವಾ, ಕೊಟ್ಟವನೂ ನಾನೇ."

"ಹೇಗೂ ನಾನು ಅಂದೇ ಹೋಗಿ ಹೇಳಿದೆನಲ್ಲ."

ಅವರು ನಕ್ಕರು. "ಅಂದೇ ಎಲ್ಲಿ? ಮೂರನೇ ದಿನ. ನಡುವೆ ಎರಡು ದಿನ ನನ್ನ ಹೆಂಡತಿ ಚಿಂತೆಯಲ್ಲಿ ಸಾರಿಗೆ ಉಪ್ಪೇ ಹಾಕಲಿಲ್ಲ."

"ನಿಮಗೆ ಸರಿಯಾಗಿ ನೆನಪುಂಟಾ?"

"ಉಪ್ಪಿಲ್ಲದ ಸಾರು ಮರೆತುಹೋಗ್ತದಾ ಮಾರಾಯ್ರೇ?"

ಅಷ್ಟರಲ್ಲಿ ಅವರ ಬಸ್ಸು ಬಂತು. ನನ್ನ ನೆನಪಿನಲ್ಲಿ ಈಗಲೂ ನಾನು ಒಪ್ಪಿಕೊಂಡದ್ದು ಅದೇ ದಿನದ ಸಂಜೆ. ಪ್ರಿನ್ಸಿಪಾಲರ ಕಿಟಕಿಯ ಬೆಳಕೂ ಕಾಣುತ್ತದೆ. ಆದರೆ ಯಾರಾದರೂ ಕೇಳಿದರೆ ಮೂರನೇ ದಿನ ಎಂದೇ ಹೇಳುತ್ತೇನೆ.